ಮೇಸ್ತ್ರಿ ನಂಬರಿನ ತಲೆಗಳು

ಬೇಕಾದ ಸಾಫ್ಟ್‌ವೇರಿನ ತುಂಡೊಂದು ಸಿಗುತ್ತಿಲ್ಲ, ಅದಿಲ್ಲದೆ ಮುಂದಕ್ಕೆ ಹೋಗಲಾರೆ ಎಂದು ಕಂಪ್ಯೂಟರು ಮತ್ತೊಮ್ಮೆ ಕೈಚೆಲ್ಲಿತು.

ಮಧುಶ್ರೀ ದುಪಟ್ಟಾದ ಅಂಚಿಗೆ ಬೆವರು ಒರೆಸಿಕೊಂಡಳು. ಮೇಜಿನ ಮೇಲಿದ್ದ ಫೋನು ಸ್ಪೀಕರಿನಲ್ಲಿತ್ತು. ಆ ಕಡೆಯಿಂದ ನವೀನ್ ಕುಮಾರ್, "ಏನಂತೆ ಓದು ಮಧು, ಒಂದಕ್ಷರ ಬಿಡದೆ ಓದು," ಅಂದ. ತುಮಕೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವನು ಅವನು. ಅವಳು ಓದಿದಳು. ಅವನು ಇನ್ನೊಂದು ಸಾಲು ಹೇಳಿಕೊಟ್ಟ. "ಮೊದಲು ಸುಡೋ ಅಂತ ಹಾಕು, ಯಜಮಾನನ ಅಪ್ಪಣೆ ಇದ್ದಂಗೆ ಅದು, ಆಮೇಲೆ ಮಿಕ್ಕಿದ್ದು."

ಬಾಗಿಲಿಗೆ ಒರಗಿ ನಿಂತಿದ್ದ ವ್ಯಾನಿನ ಡ್ರೈವರ್ ಲಕ್ಷ್ಮೀಪತಿ, "ಬಂದಾಗಿನಿಂದ ಸುಡೋ ಸುಡೋ ಅಂತೀರ. ಅದೇನು ಸುಡ್ತಿದ್ದೀರೋ, ಹೊಗೆ ಮಾತ್ರ ಕಾಣ್ತಿಲ್ಲ," ಅಂದ.

ಯಾರೂ ನಗಲಿಲ್ಲ. ಪಕ್ಕದ ಕೋಣೆಯಿಂದ, ಹಣೆ ಒಡೆದುಕೊಂಡು ಬಂದಿದ್ದ ಮುನಿಯಮ್ಮನ ನರಳಾಟ ಕೇಳುತ್ತಿತ್ತು.

ಮಧುಗಿರಿ ಬೆಟ್ಟದ ಬುಡದಲ್ಲಿರುವ ಶ್ರಮಿಕ ಆಸ್ಪತ್ರೆಯನ್ನು ಕಟ್ಟಿದವರು ಸಾಹುಕಾರರಲ್ಲ. ಭಾನುವಾರ ಭಾನುವಾರ ಕೂತು ಪುಸ್ತಕ ಓದಿ ಜಗಳವಾಡುತ್ತಿದ್ದ ಮೇಷ್ಟರು, ಬೀಡಿ ಕಟ್ಟುವವರು, ಕಂಡಕ್ಟರುಗಳ ಒಂದು ಗುಂಪು ಅದು. ಓದಿದ್ದು ಸಾಕು, ಏನಾದರೂ ಮಾಡೋಣ ಎಂದು ಹುಟ್ಟಿಸಿದ ಎರಡು ಕೋಣೆ, ಒಂದು ಎಕ್ಸ್‌ರೇ, ಒಂದು ವ್ಯಾನು. ಮಧುಶ್ರೀ ಆ ಗುಂಪಿನಲ್ಲೇ ಬೆಳೆದವಳು, ಇಲ್ಲಿನ ಎಕ್ಸ್‌ರೇ ತೆಗೆಯುವವಳು. ಸ್ಕ್ಯಾನಿನ ಚಿತ್ರ ನೋಡಲು ಕಂಪನಿಯೊಂದು ಕೊಟ್ಟಿದ್ದ ಸಾಫ್ಟ್‌ವೇರು ಪರವಾನಗಿ ಮುಗಿಯಿತೆಂದು ಬಾಯಿ ಮುಚ್ಚಿಕೊಂಡಿತ್ತು. ಲಿನಕ್ಸ್‌ನಲ್ಲಿ ನಡೆಯುವ, ಯಾರಪ್ಪನ ಸೊತ್ತೂ ಅಲ್ಲದ ಸಾಫ್ಟ್‌ವೇರನ್ನು ಹಾಕಿಕೊಳ್ಳೋಣ ಎಂದು ಡಾಕ್ಟರ್ ಶ್ರೀಲತಾ ಹೇಳಿದ್ದರು. ನಿಧಾನಕ್ಕೆ ಮಾಡಿದರಾಯಿತು ಎಂದುಕೊಂಡಿದ್ದ ಕೆಲಸ. ಅಷ್ಟರಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ಲಗೇಜ್ ಆಟೋ ಒಂದು ಬಂದು ಅಂಗಳದಲ್ಲಿ ನಿಂತಿತು.

ಪಾವಗಡದ ಕಡೆ ಸೋಲಾರ್ ಪ್ಲೇಟು ತೊಳೆಯುವ ಕೂಲಿಯ ಹೆಂಗಸರನ್ನು ಕುರಿಗಳ ಹಾಗೆ ತುಂಬಿಕೊಂಡು ಹೋಗುತ್ತಿದ್ದ ಇನ್ನೊಂದು ಆಟೋ ತಿರುವಿನಲ್ಲಿ ಮಗುಚಿತ್ತು. ಮೇಸ್ತ್ರಿ ರೇಣುಕಯ್ಯ, ಅಂದರೆ ಆ ಹೆಂಗಸರನ್ನು ಒಟ್ಟುಮಾಡಿ ಕಂಟ್ರಾಕ್ಟರಿಗೆ ಒದಗಿಸುವವನು, ದಾರಿಯಲ್ಲಿ ಸಿಗುವ ಸರ್ಕಾರಿ ಆಸ್ಪತ್ರೆಯ ಕಡೆ ತಿರುಗಿಯೂ ನೋಡದೆ, ಇಬ್ಬರು ಹೆಂಗಸರನ್ನು ಈ ಆಟೋದಲ್ಲಿ ಹಾಕಿಕೊಂಡು ಮಧುಗಿರಿಯವರೆಗೆ ಬಂದಿದ್ದ. ಪೇಟೆಯ ಸ್ಕ್ಯಾನ್ ಸೆಂಟರಿನಲ್ಲಿ ಸ್ಕ್ಯಾನು ಮಾಡಿಸಿ, ಪೆನ್‌ಡ್ರೈವ್ ಹಿಡಿದು ಇಲ್ಲಿಗೆ ಬಂದಿದ್ದ.

"ರಿಪೋರ್ಟು ಬರೆಯೋ ಡಾಕ್ಟ್ರು ಬೇರೆ ಊರಲ್ಲವ್ರಂತೆ, ಫೋನಿಗೆ ಕಳಿಸ್ತಾರಂತೆ. ಫಿಲಂ ಮೆಷೀನು ಕೆಟ್ಟೈತಂತೆ," ಅಂದಿದ್ದ. "ನೀವೇ ಒಂದಪ ನೋಡಿ, ಏನೂ ಇಲ್ಲ ಅಂತ ಬರ್ದು ಕೊಟ್ಬುಡಿ ಡಾಕ್ಟ್ರಮ್ಮ. ಕರ್ಕಂಡು ಹೊಂಟೋಗ್ತೀನಿ."

"ಯಾರ ಸ್ಕ್ಯಾನು?"

"ಇನ್ಯಾರ್ದು, ರಕ್ತ ಸುರುಸ್ಕೊಂಡವಳ್ದು. ಬರಗೂರಿನ ಮುನಿಯಮ್ಮಂದು. ಇನ್ನೊಬ್ಬಳು ಸುಮ್ನೆ ಜೊತೆಗೆ ಬಂದವ್ಳೆ."

ಶ್ರೀಲತಾ ಸ್ಕ್ಯಾನ್ ಸೆಂಟರಿಗೆ ಫೋನು ಮಾಡಿದರು. ಭಾನುವಾರ, ಬಾಗಿಲು ಹಾಕಿಕೊಂಡು ಶಿರಾಕ್ಕೆ ಮದುವೆಗೆ ಹೊರಟಿದ್ದ ಸೆಂಟರಿನವನು ಫೋನು ಎತ್ತಲಿಲ್ಲ. ಅವರು ಮಧುಶ್ರೀಯ ಭುಜ ಹಿಡಿದು ಮೆಲ್ಲಗೆ ಹೇಳಿದರು: "ತಲೆಬುರುಡೆ ಒಳಗೆ ರಕ್ತ ಸೋರ್ತಿದ್ರೆ ಮೆದುಳನ್ನ ಒತ್ತುತ್ತೆ. ಹೊತ್ತು ಮೀರಿದ್ರೆ ಬೆಂಗಳೂರಿಗೆ ಹೋದರೂ ಹೆಣ ತಾನೆ. ಸೋರ್ತಿಲ್ಲ ಅಂದ್ರೆ, ಇರೋ ಒಂದೇ ವ್ಯಾನನ್ನ ಸುಮ್ನೆ ಅಷ್ಟು ದೂರ ಓಡಿಸೋದೂ ತಪ್ಪು. ನನಗೆ ಆ ಚಿತ್ರ ಬೇಕು ಮಧು, ಈಗಲೇ."

ಈಗ ಮಧುಶ್ರೀ ಆ ಚಿತ್ರದ ಬಾಗಿಲಲ್ಲಿ ಕೂತು ಬಡಿಯುತ್ತಿದ್ದಳು.

ನವೀನ ಹೇಳಿದ ತುಂಡು ಇಳಿಯುತ್ತಿತ್ತು. ಅದು ಇಳಿಯುವವರೆಗೆ ಅವಳು ಪಕ್ಕದ ಕೋಣೆಗೆ ಹೋದಳು. ಮುನಿಯಮ್ಮನ ಹಣೆಯ ಎಡಗಡೆ ಚರ್ಮ ಹರಿದು ಮುಖವೆಲ್ಲ ಕೆಂಪಾಗಿತ್ತು. ಎಡಗೈ ಎತ್ತಲಾಗುತ್ತಿರಲಿಲ್ಲ. ಶ್ರೀಲತಾ ಆ ಕೈಯನ್ನು ಬಟ್ಟೆಯ ಜೋಲಿಯಲ್ಲಿ ಕುತ್ತಿಗೆಗೆ ಕಟ್ಟುತ್ತಿದ್ದರು, ಗಂಟು ಜಾರುತ್ತಿತ್ತು.

ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಇನ್ನೊಬ್ಬಾಕೆ ರಾಯಚರ್ಲಿನ ಕೊಲ್ಲಾಪುರಮ್ಮ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟಿದ್ದಳು. "ಉಂಡಮ್ಮಾ, ತಾಳು," ಎಂದು ತೆಲುಗು ಬೆರೆತ ಕನ್ನಡದಲ್ಲಿ ಹೇಳಿ, ಅಂಗಿಯೊಳಗೆ ಕೈ ಹಾಕಿ ತಾಳಿಯ ಸರವನ್ನು ಹೊರಗೆಳೆದಳು. ತಾಳಿಯ ಪಕ್ಕದಲ್ಲೇ ಒಂದು ಗೊಂಚಲು ಪಿನ್ನುಗಳು. ದೊಡ್ಡದೊಂದನ್ನು ಬಿಡಿಸಿ ಕೊಟ್ಟಳು. "ಇದು ಹಾಕು ಅಮ್ಮಾಯಿ. ಜಾರಲ್ಲ."

"ನಿಮಗೆಲ್ಲೂ ಪೆಟ್ಟಾಗಿಲ್ವಾ?" ಎಂದು ಶ್ರೀಲತಾ ಕೇಳಿದರು.

ಕೊಲ್ಲಾಪುರಮ್ಮ ಬಾಗಿಲ ಕಡೆ ನೋಡಿದಳು. ಅಲ್ಲಿ ರೇಣುಕಯ್ಯ ಕಡ್ಡಿಯಿಂದ ಹಲ್ಲು ಚುಚ್ಚಿಕೊಳ್ಳುತ್ತಾ ನಿಂತಿದ್ದ. "ನಂಗೇಮೀ ಇಲ್ಲ. ಇಂಟಿಕಿ, ಮನೆಗೆ ಹೋಗ್ತೀನಿ, ಅಷ್ಟೇ. ಆ ಕಿಟಕಿ ಒಂಚೂರು ಹಾಕ್ತೀಯಾ ಅಮ್ಮಾಯಿ? ಬಿಸಿಲು ಕಣ್ಣಿಗೆ ಕುತ್ತುತ್ತೆ."

ಮಧುಶ್ರೀ ಕಿಟಕಿ ಮುಚ್ಚಿದಳು. ಮುಚ್ಚಿ, ಮತ್ತೆ ಕಂಪ್ಯೂಟರಿನ ಮುಂದಕ್ಕೆ ಓಡಿದಳು.

ತುಂಡು ಕೂತಿತ್ತು. ಸಾಫ್ಟ್‌ವೇರು ತೆರೆಯಿತು. ಆದರೆ ಕಿಟಕಿಯಷ್ಟು ದೊಡ್ಡ ಚೌಕದಲ್ಲಿ ಬರೀ ಕಪ್ಪು.

"ಕಪ್ಪಗಿದೆ ನವೀನಣ್ಣ. ಏನೂ ಕಾಣ್ತಿಲ್ಲ."

"ಆ ಹಳೇ ಡಬ್ಬಿಯ ಗ್ರಾಫಿಕ್ಸ್ ಕಾರ್ಡಿಗೆ ಅಷ್ಟು ಭಾರ ಹೊರೋಕಾಗ್ತಿಲ್ಲ. ಮುಚ್ಚಿ, ನಾನು ಹೇಳೋ ಹಂಗೆ ತೆಗಿ. ಕಾರ್ಡನ್ನ ಬಿಟ್ಟು ಬರೀ ಪ್ರೊಸೆಸರ್ ಮೇಲೇ ಚಿತ್ರ ಬಿಡಿಸು ಅನ್ನಬೇಕು. ನಿಧಾನ ಆಗುತ್ತೆ, ಕಾಣುತ್ತೆ."

ಅವಳು ಅವನು ಹೇಳಿದ ಸಾಲನ್ನು ಹೊಡೆಯುವ ಹೊತ್ತಿಗೆ ಫ್ಯಾನು ನಿಂತಿತು. ಕರೆಂಟು ಹೋಗಿತ್ತು. ಯುಪಿಎಸ್ಸು ಕೀ ಕೀ ಎಂದು ಅರಚತೊಡಗಿತು. ಪಾವಗಡದ ಹೊಲಗಳ ಮೇಲೆ ಕಣ್ಣು ಹೋದಷ್ಟೂ ದೂರ ಕನ್ನಡಿ ಹಾಸಿ ಊರೂರಿಗೆ ಕರೆಂಟು ಕಳಿಸುತ್ತಾರೆ. ಆ ಕನ್ನಡಿಗಳನ್ನು ಒರೆಸುವ ಹೆಂಗಸಿನ ತಲೆಯೊಳಗೆ ಏನಾಗಿದೆ ಎಂದು ನೋಡುವ ಹೊತ್ತಿಗೆ ಇಲ್ಲಿ ಕರೆಂಟಿಲ್ಲ. ಮಧುಶ್ರೀಗೆ ಎದ್ದು ಯಾರನ್ನಾದರೂ ಬಯ್ಯಬೇಕೆನ್ನಿಸಿತು. ಬಯ್ಯಲು ಹೊತ್ತಿರಲಿಲ್ಲ.

"ಬೇರೆ ಎಲ್ಲದರ ಪ್ಲಗ್ಗು ಕೀಳು ಲಕ್ಷ್ಮೀಪತಿ. ಪ್ರಿಂಟರು, ಫ್ರಿಜ್ಜು, ಎಲ್ಲ."

"ಫ್ರಿಜ್ಜಲ್ಲಿ ಇಂಜೆಕ್ಷನ್ ಅವೆ."

"ಬಾಗಿಲು ತೆಗೀಬೇಡ, ತಣ್ಣಗೇ ಇರ್ತವೆ. ಕೀಳು."

ಈ ಸಲ ಕಪ್ಪು ಹೋಗಿ ಬೂದು ಬಂತು. ಅವಳು ಪೆನ್‌ಡ್ರೈವ್ ಚುಚ್ಚಿ, ಚಿತ್ರಗಳನ್ನು ಒಳಕ್ಕೆ ಎಳೆದುಕೋ ಎಂದಳು. ಪಟ್ಟಿ ಅರ್ಧ ತುಂಬಿತು, ನಿಂತಿತು. ಕೆಂಪಕ್ಷರ ಬಂತು: ಒಂದೇ ರೋಗಿ ಸಂಖ್ಯೆ, ವಿವರಗಳು ತಾಳೆಯಾಗುತ್ತಿಲ್ಲ, ಸೇರಿಸಲಾರೆ.

ಇನ್ನೊಮ್ಮೆ ಮಾಡಿದಳು. ಅದೇ ಕೆಂಪು. ಪೆನ್‌ಡ್ರೈವ್ ಕಿತ್ತು ಚುಚ್ಚಿದಳು. ಅದೇ.

"ಯಾವ ವಿವರ?" ಅಂದ ನವೀನ.

"ವಯಸ್ಸು. ಕೆಲವು ಚಿತ್ರದ ಮೇಲೆ ಒಂದು ವಯಸ್ಸಿದೆ, ಕೆಲವಕ್ಕೆ ಇನ್ನೊಂದು. ಹೆಸರು ಎಲ್ಲದಕ್ಕೂ ಒಂದೇ. ಹೆಸರು..." ಅವಳು ಕಣ್ಣು ಕಿರಿದು ಮಾಡಿದಳು. "ಹೆಸರಿರೋ ಜಾಗದಲ್ಲಿ ಲೇಡಿ ಲೇಬರ್ ಅಂತಿದೆ."

"ಥೂ. ಹೆಸರನ್ನೂ ಕೇಳಿಲ್ವಾ ಆ ಪುಣ್ಯಾತ್ಮ."

"ನಂಬರ್ ಜಾಗದಲ್ಲಿ ಫೋನ್ ನಂಬರಿದೆ."

ಬಾಗಿಲಿನಿಂದ ರೇಣುಕಯ್ಯ, "ನಂದೇ ಅದು," ಅಂದ. ಹೆಮ್ಮೆಯಿಂದಲೇ ಅಂದ. "ಎಲ್ಲಿ ಹೋದ್ರೂ ನನ್ ನಂಬರೇ ಕೊಡೋದು. ಗೇಟ್ ಪಾಸಿಗೂ ಅದೇ, ಅಂಗಡಿಗೂ ಅದೇ. ಇವ್ಕೆಲ್ಲಿ ಫೋನು? ಇದ್ರೂ ಕರೆನ್ಸಿ ಇರಲ್ಲ. ವಯಸ್ಸಂತೂ ಇವ್ಕೇ ಗೊತ್ತಿಲ್ಲ ಕಣಮ್ಮ, ಬಾಯಿಗೆ ಬಂದಿದ್ದು ಹೇಳ್ತವೆ. ಅದ್ನೆಲ್ಲ ಯಾಕೆ ಕೆದಕ್ತಿದ್ದೀಯ, ಚಿತ್ರ ತೋರುಸ್ದ್ರೆ ಸಾಕು."

ಯುಪಿಎಸ್ಸಿನ ಅರಚಾಟ ಬಿರುಸಾಯಿತು. ನವೀನ, "ಅವನು ಹೇಳಿದ್ದು ಇರಬಹುದು. ವಯಸ್ಸು ಅಂದಾಜಿಗೆ ಬರೆಯೋದು ಎಲ್ಲ ಕಡೆನೂ ಇದ್ದದ್ದೇ. ಸೆಟ್ಟಿಂಗ್ಸಲ್ಲಿ ಆ ತಾಳೆ ನೋಡೋ ತಪಾಸಣೆ ಇದೆಯಲ್ಲ, ಅದನ್ನ ಆಫ್ ಮಾಡು. ಕಣ್ಣು ಮುಚ್ಚಿ ನುಂಗುತ್ತೆ," ಅಂದ.

ಅವಳು ಆಫ್ ಮಾಡಿದಳು. ಸಾಫ್ಟ್‌ವೇರು ಕಣ್ಣು ಮುಚ್ಚಿ ನುಂಗಿತು. ಪಟ್ಟಿಯಲ್ಲಿ ಒಂದೇ ಸಾಲು: ಲೇಡಿ ಲೇಬರ್.

"ಮೇಡಂ, ಬನ್ನಿ."

ಶ್ರೀಲತಾ ಬಂದವರು ಕೂರಲಿಲ್ಲ. ಹಿಂದಿನಿಂದ ಬಗ್ಗಿ, ಮೌಸನ್ನು ತಾವೇ ಹಿಡಿದು, ಚಿತ್ರಗಳನ್ನು ಒಂದೊಂದಾಗಿ ಸರಿಸಿದರು. ತಲೆಯನ್ನು ಬಾಳೆದಿಂಡಿನ ಹಾಗೆ ಅಡ್ಡಡ್ಡ ಕುಯ್ದಿಟ್ಟ ಬೂದು ಬಿಲ್ಲೆಗಳು. ಒಂದು ಕಡೆ ಅವರ ಕೈ ನಿಂತಿತು. ಬುರುಡೆಗೆ ಅಂಟಿಕೊಂಡಂತೆ ಬೆಳ್ಳನೆಯ ಉಬ್ಬು, ಒಡೆದ ಅವರೆಬೇಳೆಯ ಹಾಗೆ.

"ಇದೆ," ಅಂದರು. ದನಿ ಇಳಿದಿತ್ತು. "ರಕ್ತ. ಬಲಗಡೆ. ಲಕ್ಷ್ಮೀಪತಿ, ಮುನಿಯಮ್ಮನ್ನ ವ್ಯಾನಿಗೆ ಹಾಕು. ಕೊರಟಗೆರೆ ಮೇಲೆ ಬೆಂಗಳೂರು. ನಾನು ಅಲ್ಲಿಗೆ ಫೋನು ಮಾಡ್ತೀನಿ."

"ಬಲಗಡೆನಾ?" ಅಂದಳು ಮಧುಶ್ರೀ. "ಗಾಯ ಎಡಗಡೆ ಇದೆ."

"ಏಟು ಬಿದ್ದ ಕಡೆನೇ ಆಗಬೇಕು ಅಂತಿಲ್ಲ. ಎದುರು ಬದಿಗೂ ಆಗುತ್ತೆ." ಆದರೆ ಶ್ರೀಲತಾ ಹಾಗೆಂದ ಮೇಲೂ ಒಂದು ಗಳಿಗೆ ಆ ಬಿಳಿಯನ್ನು ನೋಡುತ್ತಲೇ ಇದ್ದರು. ಆಮೇಲೆ ಫೋನು ಕಿವಿಗೆ ಹಚ್ಚಿಕೊಂಡು ಹೊರಗೆ ನಡೆದರು.

ಅಂಗಳದಲ್ಲಿ ಗದ್ದಲವೆದ್ದಿತು. ಮುನಿಯಮ್ಮನನ್ನು ಸ್ಟ್ರೆಚರಿಗೆ ಎತ್ತುತ್ತಿದ್ದರು. ಮಧುಶ್ರೀ ಬೆಂಗಳೂರಿಗೆ ಕೊಡಲು ಚಿತ್ರಗಳ ಪ್ರತಿ ಮಾಡತೊಡಗಿದಳು. ಪ್ರತಿ ಮಾಡುವಾಗ ಅವಳ ಕಣ್ಣು ಪಟ್ಟಿಯ ತುದಿಗೆ ಹೋಯಿತು. ಸ್ಕ್ಯಾನಿಗೆ ಮುಂಚೆ ಯಂತ್ರ ಗುರಿ ಹಿಡಿಯಲು ತಲೆ ಮತ್ತು ಕುತ್ತಿಗೆಯ ಒಂದು ನೆರಳುಚಿತ್ರ ತೆಗೆದುಕೊಳ್ಳುತ್ತದೆ, ಎಕ್ಸ್‌ರೇ ಥರದ್ದು. ಒಬ್ಬರಿಗೆ ಒಂದು ಸಲ. ಇಲ್ಲಿ ಅದು ಎರಡಿತ್ತು.

ಸೆಂಟರಿನವನು ಸರಿಯಾಗಿ ಬರಲಿಲ್ಲ ಎಂದು ಎರಡನೇ ಸಲ ತೆಗೆದಿರಬಹುದು. ಅಂಥದ್ದು ಆಗುತ್ತದೆ. ಅವಳು ಮೊದಲನೆಯದನ್ನು ತೆರೆದಳು. ಬೋಳು ಕುತ್ತಿಗೆ. ಎರಡನೆಯದನ್ನು ತೆರೆದಳು.

ಕುತ್ತಿಗೆಯ ಕೆಳಗೆ, ಬೆಳ್ಳಗೆ, ಒಂದು ಗೊಂಚಲು ಪಿನ್ನುಗಳು.

ಮುನಿಯಮ್ಮನ ಕುತ್ತಿಗೆಯಲ್ಲಿ ಪಿನ್ನಿರಲಿ, ದಾರವೂ ಇರಲಿಲ್ಲ. ಗಂಡ ಸತ್ತ ಮೇಲೆ ಮಣಿಸರವನ್ನು ಕಿತ್ತುಹಾಕಿದ ಲೋಕ ಅವಳದು. ಜೋಲಿ ಕಟ್ಟುವಾಗ ಪಿನ್ನಿಲ್ಲದೆ ಬಟ್ಟೆ ಜಾರಿದ್ದನ್ನು, ಪಿನ್ನು ಯಾರ ಅಂಗಿಯೊಳಗಿಂದ ಬಂತೆಂಬುದನ್ನು ಮಧುಶ್ರೀ ಕಣ್ಣಾರೆ ಕಂಡಿದ್ದಳು. ಕೆಂಪಕ್ಷರ ಸುಳ್ಳು ಹೇಳಿರಲಿಲ್ಲ. ಒಂದು ನಂಬರಿನ ಕೆಳಗೆ ಇಬ್ಬರಿದ್ದಾರೆ ಎಂದು ಅದು ಕೂಗಿ ಕೂಗಿ ಹೇಳಿತ್ತು. ಅದರ ಬಾಯನ್ನು ತಾನೇ ಮುಚ್ಚಿಸಿದ್ದಳು.

"ನವೀನಣ್ಣ, ಚಿತ್ರ ತೆಗೆದ ಹೊತ್ತಿನ ಪ್ರಕಾರ ಜೋಡಿಸೋದು ಹೆಂಗೆ? ಬೇಗ."

ಅವನು ಹೇಳಿದ. ಪಟ್ಟಿ ಸರ್ರನೆ ಮಗುಚಿ ಎರಡಾಗಿ ಒಡೆಯಿತು. ಬೋಳು ಕುತ್ತಿಗೆಯ ಹಿಂದೆ ಒಂದು ಸಾಲು ತಲೆಬಿಲ್ಲೆಗಳು, ಪಿನ್ನಿನ ಕುತ್ತಿಗೆಯ ಹಿಂದೆ ಇನ್ನೊಂದು ಸಾಲು. ಮೊದಲನೆಯ ಸಾಲನ್ನು ಸರಿಸಿದಳು. ಬೂದು, ಬೂದು, ತುದಿಯವರೆಗೆ ಬೂದು. ಎರಡನೆಯದನ್ನು ಸರಿಸಿದಳು. ಅವರೆಬೇಳೆ ಅಲ್ಲಿತ್ತು.

ಅವಳು ಓಡಿದಳು.

ಅಂಗಳದಲ್ಲಿ ವ್ಯಾನಿನ ಹಿಂಬಾಗಿಲು ಮುಚ್ಚುತ್ತಿತ್ತು. ಅದರಾಚೆ ಲಗೇಜ್ ಆಟೋ ಸ್ಟಾರ್ಟ್ ಆಗಿ ಗೇಟಿನ ಕಡೆ ಮುಖ ಮಾಡಿತ್ತು. ಹಿಂದೆ, ಬಿಸಿಲಲ್ಲಿ, ಕೊಲ್ಲಾಪುರಮ್ಮ ಅಡ್ಡಪಟ್ಟಿಗೆ ಒರಗಿ ಕೂತಿದ್ದಳು. ಮಧುಶ್ರೀ ಆಟೋದ ಮುಂದೆ ಹೋಗಿ ನಿಂತಳು.

"ಇಳಿಸಿ ಆಯಮ್ಮನ್ನ."

"ಅಡ್ಡ ಯಾಕಮ್ಮಾ ನಿಂತೆ," ಅಂದ ರೇಣುಕಯ್ಯ. "ಅದ್ಕೇನಾಗೈತೆ? ಬೆಳಗ್ಗಿಂದ ಕೆಲ್ಸ ಮಾಡಿ ಸುಸ್ತಾಗೈತೆ, ತೂಕಡಿಸ್ತೈತೆ."

"ಅವ್ರಿಗೂ ಸ್ಕ್ಯಾನ್ ಮಾಡಿಸಿದ್ದೀರ."

ಅವನು ಹಲ್ಲುಕಡ್ಡಿಯನ್ನು ಬಾಯಿಂದ ತೆಗೆದ.

"ಮಾಡ್ಸಿದ್ದೀರೋ ಇಲ್ವೋ?"

"ಸೆಂಟರಿನವ್ನೇ ಮಾಡ್ದ. ತಲೆ ನೋವು ಅಂತು ಇದು, ಅದ್ಕೆ. ನಾನೇನ್ ಬ್ಯಾಡ ಅಂದ್ನಾ? ಇಬ್ರು ಅಂತ ಹೇಳುದ್ರೆ ಕೇಸು ದೊಡ್ದಾಯ್ತದೆ ಕಣಮ್ಮ. ಕಂಟ್ರಾಕ್ಟ್ರು ನನ್ನ ಚರ್ಮ ಸುಲಿತಾನೆ. ನಡ್ಕೊಂಡು ಓಡಾಡ್ತಾ ಇರೋಳ್ಗೆ ಏನಾಯ್ತದೆ ಅಂತ..."

"ಆ ರಕ್ತ ಅವ್ರ ತಲೆಯೊಳಗಿದೆ."

ಶ್ರೀಲತಾ ಆಗಲೇ ಆಟೋದ ಹಿಂದಕ್ಕೆ ಹತ್ತಿದ್ದರು. ಕೊಲ್ಲಾಪುರಮ್ಮನ ಕೆನ್ನೆ ತಟ್ಟಿದರು. ಅವಳು ಕಣ್ಣು ತೆರೆಯಲು ಹೆಣಗಿದಳು. ಟಾರ್ಚು ಬಿಟ್ಟು ನೋಡಿದರು. ಒಂದು ಕಣ್ಣಿನ ಪಾಪೆ ಕುಗ್ಗಿತು, ಇನ್ನೊಂದು ದೊಡ್ಡದಾಗಿಯೇ ಉಳಿಯಿತು. ಆ ಕಣ್ಣು ಬಲಗಣ್ಣು.

"ವ್ಯಾನು ತೆಗಿ," ಅಂದರು. ಅವರ ದನಿಯಲ್ಲಿ ಡಾಕ್ಟರಿಕೆ ಉಳಿದಿರಲಿಲ್ಲ. "ಮುನಿಯಮ್ಮನ್ನ ಇಳಿಸಿ. ಬೇಗ, ಬೇಗ."

ವ್ಯಾನಿನೊಳಗಿಂದ ಮುನಿಯಮ್ಮ ತಾನೇ ಎದ್ದು ಕೂತಿದ್ದಳು. ಕೇಳಿಸಿಕೊಂಡಿದ್ದಳು. "ನನ್ನ ಇಳ್ಸುರಪ್ಪಾ," ಅಂದಳು. "ನಂದು ಬರೀ ಚರ್ಮ. ಅವುಳ್ನ ಹತ್ತುಸ್ರಿ. ಪಾಪ, ಮುಂಡೇದು, ಆಟೋ ಮಗುಚ್ದಾಗ ಕಬ್ಬಿಣಕ್ಕೆ ತಲೆ ಚಚ್ಕೊಂಡು ಒಂದ್ಗಳಿಗೆ ಗ್ಯಾನ ತಪ್ಪಿದ್ಲು. ಹೇಳ್ತೀನಿ ಅಂತ ಬಾಯ್ ತೆಗುದ್ರೆ, ಬಾಯ್ ಬುಟ್ಟೋರು ನಾಳೆ ಕೆಲ್ಸುಕ್ ಬರ್ಬ್ಯಾಡಿ ಅಂದ ಈ ಮಾರಾಯ."

ಲಕ್ಷ್ಮೀಪತಿ ಕೊಲ್ಲಾಪುರಮ್ಮನನ್ನು ಎತ್ತಿಕೊಂಡು ಬಂದ. ಸ್ಟ್ರೆಚರಿಗೆ ಮಲಗಿಸುವಾಗ ಅವಳು ಒಮ್ಮೆ ಕಾರಿಕೊಂಡಳು. ಯಾರೂ ಒರೆಸಲು ನಿಲ್ಲಲಿಲ್ಲ. ಶ್ರೀಲತಾ ಅವಳ ಪಕ್ಕ ಹತ್ತಿ ಕೂತು ಆಕ್ಸಿಜನ್ ಹಚ್ಚುತ್ತಲೇ, "ಮಧು, ಚಿತ್ರ. ಅವಳದು ಮಾತ್ರ. ಹೆಸರು ಹಾಕಿ ಕೊಡು. ಬೆಂಗಳೂರಲ್ಲಿ ಮತ್ತೆ ಇದೇ ಗೊಂದಲ ಆಗಬಾರದು," ಅಂದರು.

ಮಧುಶ್ರೀ ಮತ್ತೆ ಕಂಪ್ಯೂಟರಿಗೆ ಓಡಿದಳು. ಯುಪಿಎಸ್ಸು ಈಗ ಬಿಡುವಿಲ್ಲದೆ ಅರಚುತ್ತಿತ್ತು. ಆಫ್ ಮಾಡಿದ್ದ ತಪಾಸಣೆಯನ್ನು ಮೊದಲು ಆನ್ ಮಾಡಿದಳು. ನುಂಗಿದ್ದನ್ನೆಲ್ಲ ಕಕ್ಕಿಸಿದಳು. ಪಿನ್ನಿನ ಸಾಲನ್ನು ಬೇರೆ ಮಾಡಿ, ಲೇಡಿ ಲೇಬರ್ ಎಂಬುದನ್ನು ಅಳಿಸಿದಳು. ಅಳಿಸಿದ ಜಾಗದಲ್ಲಿ ಕರ್ಸರು ಮಿಣುಕುತ್ತಾ ಕಾಯಿತು.

"ಅವಳ ಪೂರ್ತಿ ಹೆಸರೇನಮ್ಮಾ?" ಎಂದು ಕಿಟಕಿಯಿಂದ ಕೂಗಿದಳು.

ಗೋಡೆಗೆ ಒರಗಿ ಕೂತಿದ್ದ ಮುನಿಯಮ್ಮ, "ಕೊಲ್ಲಾಪುರಮ್ಮ. ರಾಯಚರ್ಲು. ಅವ್ರಪ್ಪ ಚಿಕ್ಕಹನುಮಯ್ಯ," ಎಂದು ಕೂಗಿ ಹೇಳಿದಳು. "ಯಾರೂ ಕೇಳ್ಲೇ ಇಲ್ಲ ಕಣವ್ವ. ಕೇಳಿದ್ರೆ ಅಲ್ಲೇ ಹೇಳ್ತಿದ್ವಿ."

ಫೋನ್ ನಂಬರಿನ ಜಾಗದಲ್ಲಿ ಮಧುಶ್ರೀ ಆಸ್ಪತ್ರೆಯ ಸ್ವಂತ ಕ್ರಮಸಂಖ್ಯೆ ಕೊಟ್ಟಳು. ಬೋಳು ಕುತ್ತಿಗೆಯ ಸಾಲಿಗೆ ಮುನಿಯಮ್ಮ, ಬರಗೂರು ಎಂದು ಬರೆದು ಅದರ ಮುಂದಿನ ಸಂಖ್ಯೆ ಕೊಟ್ಟಳು. ಒಳಕ್ಕೆ ಎಳೆದುಕೋ ಎಂದಳು.

ಕೆಂಪು ಬರಲಿಲ್ಲ. ಪಟ್ಟಿಯಲ್ಲಿ ಇಬ್ಬರು ಹೆಂಗಸರು ಒಬ್ಬರ ಕೆಳಗೊಬ್ಬರು ಬಂದು ನಿಂತರು.

ಪ್ರತಿ ತುಂಬಿದ ಪೆನ್‌ಡ್ರೈವನ್ನು ಕಿತ್ತುಕೊಂಡು ಓಡಿಹೋಗಿ ಲಕ್ಷ್ಮೀಪತಿಯ ಅಂಗಿ ಜೇಬಿಗೆ ಹಾಕಿದಳು. ವ್ಯಾನು ಗೇಟು ದಾಟಿ, ಕೂಗಿಕೊಳ್ಳುತ್ತಾ, ಕೊರಟಗೆರೆ ರಸ್ತೆಗೆ ತಿರುಗಿತು. ಅವಳು ಒಳಕ್ಕೆ ಬರುವ ಹೊತ್ತಿಗೆ ಯುಪಿಎಸ್ಸು ಸತ್ತು ಪರದೆ ಕಪ್ಪಾಗಿತ್ತು. ಫೋನಿನಲ್ಲಿ ನವೀನ ಇನ್ನೂ ಇದ್ದ. "ಮಧು, ಆಫ್ ಮಾಡು ಅಂತ ನಾನೇ ಅಂದೆ," ಅಂದ. ಅವಳು, "ಮಾಡಿದ್ದು ನಾನು," ಅಂದಳು.

ರೇಣುಕಯ್ಯ ಜಾರಿಕೊಳ್ಳಲು ನೋಡಿದ. ಆಗಲಿಲ್ಲ. ಶ್ರೀಲತಾ ಮೊದಲೇ ಫೋನು ಮಾಡಿ ಕರೆಸಿದ್ದ ಪೊಲೀಸಪ್ಪ ಬೈಕು ನಿಲ್ಲಿಸಿ ಅಂಗಳಕ್ಕೆ ಬಂದಿದ್ದ. "ಎಷ್ಟು ಜನಕ್ಕೆ ಪೆಟ್ಟಾಯ್ತು?" ಎಂದು ಅವನು ಕೇಳಿದ. ರೇಣುಕಯ್ಯ, "ಒಬ್ಳಿಗೆ..." ಎಂದು ಶುರುಮಾಡಿದ.

ಅಷ್ಟರಲ್ಲಿ ಅವನ ಫೋನು ಟಿಂಗ್ ಎಂದಿತು. ಬೇರೆ ಊರಿನ ಡಾಕ್ಟರು ಬರೆದ ರಿಪೋರ್ಟು. ಪೊಲೀಸಪ್ಪ ಕೈ ಚಾಚಿ ಫೋನು ತೆಗೆದುಕೊಂಡ. ಇಂಗ್ಲಿಷು ತಿಣುಕಿ, ಮಧುಶ್ರೀಯ ಕೈಗೆ ಕೊಟ್ಟ. ಅವಳು ಗಟ್ಟಿಯಾಗಿ, ಕನ್ನಡ ಮಾಡಿ ಓದಿದಳು.

"ಸನ್ಮಾನ್ಯ ರೇಣುಕಯ್ಯನವರೇ, ನಿಮ್ಮ ವರದಿ ಸಿದ್ಧವಾಗಿದೆ. ರೋಗಿ, ಹೆಂಗಸು. ತಲೆಯ ಬಲಭಾಗದಲ್ಲಿ ರಕ್ತಸ್ರಾವ. ತಡಮಾಡದೆ ಆಪರೇಷನ್ ಆಗಬೇಕು."

ಗೋಡೆಯ ಬುಡದಿಂದ ಮುನಿಯಮ್ಮ ನಕ್ಕಳು. ನಕ್ಕರೆ ಹಣೆ ನೋಯುತ್ತಿತ್ತು, ಆದರೂ ನಕ್ಕಳು. "ಹೋಗಣ್ಣ, ಮಲಿಕ್ಕೋ ಹೋಗು. ನಮ್ಮೆಲ್ರ ತಲೆನೂ ನಿಂದೇ ಅಂತ ಬರುಸ್ಕಂಡಿದ್ಯಲ್ಲ. ಈಗ ಕುಯ್ಸ್ಕೋ."

ಪೊಲೀಸಪ್ಪ ಕೆಳಗೆ ನೋಡಿಕೊಂಡು ಮೀಸೆ ಸವರಿದ. ರೇಣುಕಯ್ಯನ ಮುಖದಲ್ಲಿ ಏನು ನಡೆಯುತ್ತಿದೆ ಎಂದು ನೋಡುವ ಮನಸ್ಸು ಮಧುಶ್ರೀಗಿರಲಿಲ್ಲ. ಅವಳ ಕಿವಿ ಗೇಟಿನಾಚೆ ಇತ್ತು. ವ್ಯಾನಿನ ಕೂಗು ಯಾವಾಗಲೋ ನಿಂತಿತ್ತು, ಅವಳಿಗೆ ಮಾತ್ರ ಕೇಳುತ್ತಿತ್ತು.

ಕರೆಂಟು ಬಂತು. ಶ್ರೀಲತಾ ಹೊಲಿಗೆಗೆ ಹೇಳಿಹೋಗಿದ್ದಂತೆ ನರ್ಸು ಮುನಿಯಮ್ಮನ ಹಣೆ ಹೊಲಿದಳು. ಬಿಸಿಲು ಬೆಟ್ಟದ ಆಚೆಗೆ ಇಳಿಯುತ್ತಿದ್ದಾಗ ಲಕ್ಷ್ಮೀಪತಿಯ ಫೋನು ಬಂತು.

"ಸೇರ್ಸಿದ್ವಮ್ಮ. ಒಳಕ್ಕೆ ತಗಂಡೋದ್ರು. ಡಾಕ್ಟ್ರಮ್ಮ ಅಲ್ಲೇ ಬಾಗ್ಲಲ್ಲಿ ನಿಂತವ್ರೆ."

"ಉಸಿರಾಟ?"

"ಐತೆ. ಪ್ರಾಣಕ್ಕೆ ಈಗ್ಲೇ ಏನೂ ಹೇಳಕ್ಕಾಗಲ್ಲ ಅಂದ್ರು. ಬಾಗ್ಲಲ್ಲಿ ಹೆಸರು ಕೇಳಿದ್ರು, ಹೇಳ್ದೆ. ನೀವ್ ಕೊಟ್ಟ ಚಿತ್ರದ ಮೇಲೂ ಅದೇ ಹೆಸರಿತ್ತು, ಯಾರೂ ಇನ್ನೊಂದ್ ಮಾತಾಡ್ಲಿಲ್ಲ." ಅವನು ತಡೆದ. "ತಾಳಿ ತೆಗೆದು ನನ್ ಕೈಗೆ ಕೊಟ್ಟವ್ರೆ. ಪಿನ್ನೆಲ್ಲ ಅದ್ರಾಗೇ ಐತೆ. ಏನ್ ಮಾಡ್ಲಿ ಇದನ್ನ?"

ಮಧುಶ್ರೀ ಮುನಿಯಮ್ಮನ ಕಡೆ ನೋಡಿದಳು. ಮುನಿಯಮ್ಮ ಹೊಲಿದ ಹಣೆಯನ್ನು ಗೋಡೆಗೆ ಆನಿಸಿ, ಕಣ್ಣು ಮುಚ್ಚಿ, ಬಲಗೈಯಿಂದ ಜೋಲಿಯ ಪಿನ್ನನ್ನು ಹಿಡಿದುಕೊಂಡಿದ್ದಳು.

"ಇಟ್ಕೊಂಡಿರು," ಅಂದಳು ಮಧುಶ್ರೀ. "ಅವರೇ ಎದ್ದು ಕೇಳ್ತಾರೆ. ಅದರಲ್ಲಿ ಒಂದು ಕಮ್ಮಿ ಇದೆ, ಅದು ಇಲ್ಲಿದೆ ಅಂತ ಹೇಳು."